ಅರ್ಬುದ, ಪುಟ್ರುನೋಯ್, ಕ್ಯಾನ್ಸರ್: ರೋಗದ ತಿಳಿವಳಿಕೆ ಮತ್ತು ಮನೆಮಾತು

1. ಹೆಸರು

ರೋಗವೊಂದಕ್ಕೆ ಜನಸಮುದಾಯ ಇಟ್ಟುಕೊಂಡ ಹೆಸರಿನಲ್ಲಿ ಆ ರೋಗವನ್ನು ಕುರಿತ ಅದರ ಅನುಭವವೂ ಭಯವೂ ಅಡಗಿರುತ್ತವೆ. ಕ್ಯಾನ್ಸರ್ ಇದಕ್ಕೆ ಸ್ಪಷ್ಟವಾದ ನಿದರ್ಶನ. ಗಂತಿಯಿಂದ ಸುತ್ತಲೂ ಚಾಚಿಕೊಂಡ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡುದರಿಂದ ಪ್ರಾಚೀನ ಗ್ರೀಕ್ ವೈದ್ಯರು ಇದನ್ನು ‘ಕಾರ್ಕಿನೋಸ್’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ಅದೇ ಅರ್ಥದ ‘ಕ್ಯಾನ್ಸರ್’ ರೂಢಿಗೆ ಬಂದಿತು. ಸಂಸ್ಕೃತದ ‘ಕರ್ಕಟ’ ಶಬ್ದ ಈ ಗ್ರೀಕ್ ಶಬ್ದದ ದೂರದ ಬಂಧು. ಕನ್ನಡ ವೈದ್ಯಕೀಯ ಬರಹಗಳಲ್ಲಿ ಕಾಣುವ ‘ಏಡಿಗಂತಿ’ ಈ ಕಲ್ಪನೆಯನ್ನೇ ದೇಸಿ ಮಾತಿನಲ್ಲಿ ಹಿಡಿದಿಟ್ಟಿದೆ.

‘ಅರ್ಬುದ’ ಸುಶ್ರುತಸಂಹಿತೆಯಿಂದ ಬಂದ ಶಬ್ದ. ದುಂಡಗಿರುವ, ಗಟ್ಟಿಯಾಗಿ ನೆಲೆನಿಂತ, ಆಳಕ್ಕೆ ಬೇರುಬಿಟ್ಟ, ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಮಾಂಸದ ಬೆಳವಣಿಗೆಯನ್ನು ಸುಶ್ರುತ ಹೀಗೆ ಕರೆದಿದ್ದಾನೆ. ಒಂದರ ಮೇಲೊಂದು ಹುಟ್ಟುವುದನ್ನು ‘ಅಧ್ಯರ್ಬುದ’ವೆಂದೂ ಜೋಡಿಯಾಗಿ ಹುಟ್ಟುವುದನ್ನು ‘ದ್ವಿರರ್ಬುದ’ವೆಂದೂ ಗುರುತಿಸಲಾಗಿದೆ. ಅಲ್ಲಿಯ ಅರ್ಬುದವೂ ಇಂದಿನ ಕ್ಯಾನ್ಸರ್ ಕೂಡ ಸಂಪೂರ್ಣವಾಗಿ ಒಂದೇ ಎನ್ನುವುದು ಸಾಧುವಾಗದು; ಅಪಾಯವಿಲ್ಲದ ಗಂತಿಗಳೂ ಆ ಹೆಸರಿನಲ್ಲಿ ಸೇರಿವೆ. ಸಾಮಾನ್ಯ ಕನ್ನಡ ಓದುಗನಿಗಂತೂ ಅರ್ಬುದವೆಂದರೆ ಮೊದಲು ನೆನಪಾಗುವುದು ಒಂದು ದೊಡ್ಡ ಸಂಖ್ಯೆ.

ತಮಿಳಿನ ‘ಪುಟ್ರುನೋಯ್’ ಇನ್ನೊಂದು ಬಗೆಯದು. ತಮಿಳಿನ ‘ಪುಱ್ಱು’ ಕನ್ನಡದ ‘ಪುತ್ತು’, ಇಂದಿನ ‘ಹುತ್ತ’. ತಮಿಳಿನ ‘ಪಱ್ಱು’ ಕನ್ನಡದಲ್ಲಿ ‘ಪತ್ತು’, ‘ಹತ್ತು’ ಆದಂತೆ, ‘ಸುಱ್ಱು’ ‘ಸುತ್ತು’ ಆದಂತೆ ಇದೂ ನಿಯಮಬದ್ಧವಾದ ಸಂಬಂಧ. ‘ನೋಯ್’ ನಮ್ಮ ‘ನೋವು’. ಹೊರಗೆ ಕಾಣುವ ದಿಬ್ಬ ಸ್ವಲ್ಪ, ಒಳಗೆ ಕಾಣದ ಹಾದಿಗಳು ಬಹಳ ಎಂಬ ಹುತ್ತದ ಚಿತ್ರ ರೋಗದ ಸ್ವಭಾವಕ್ಕೆ ಒಪ್ಪುವಂಥದು.

ಆದರೆ ಕನ್ನಡದ ಮನೆಗಳಲ್ಲಿ ಈ ಯಾವ ಹೆಸರೂ ಸುಲಭವಾಗಿ ಬಾಯಿಗೆ ಬರುವುದಿಲ್ಲ. ‘ದೊಡ್ಡ ಕಾಯಿಲೆ’, ‘ಆ ಕಾಯಿಲೆ’ ಎಂದು ಹೇಳಿ ಮಾತು ನಿಲ್ಲಿಸುವುದೇ ರೂಢಿ. ಹೆಸರು ಹೇಳದ ರೋಗಕ್ಕೆ ಪ್ರಶ್ನೆ ಕೇಳುವುದು ಕಷ್ಟ, ಪ್ರಶ್ನೆ ಕೇಳದವರಿಗೆ ಉತ್ತರ ದೊರೆಯುವುದೂ ಕಷ್ಟ. ರೋಗಿಯ ಮನೆಮಾತಿನಲ್ಲಿ ರೋಗದ ತಿಳಿವಳಿಕೆ ಇರುವುದು ಚಿಕಿತ್ಸೆಯ ಒಂದು ಅಂಗ ಎಂಬುದನ್ನು ಪ್ರತಿಪಾದಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸೌಕಾರ್‌ಪೇಟೆ: ಒಂದು ಭಾಷಿಕ ಸನ್ನಿವೇಶ

ಚೆನ್ನೈನ ಜಾರ್ಜ್ ಟೌನ್ ಭಾಗದ ಸೌಕಾರ್‌ಪೇಟೆ ಹೆಸರೇ ಹೇಳುವಂತೆ ಸಾಹುಕಾರರ ಪೇಟೆ. ಮಿಂಟ್ ರಸ್ತೆಯ ಸುತ್ತಮುತ್ತ ರಾಜಸ್ಥಾನ, ಗುಜರಾತ್ ಮೂಲದ ವರ್ತಕರು ತಲೆಮಾರುಗಳಿಂದ ನೆಲೆಸಿದ್ದಾರೆ. ಮಾರವಾಡಿ, ಗುಜರಾತಿ, ಹಿಂದಿ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಂಥ ನೆರೆಹೊರೆಯಲ್ಲಿ ಬಾಳುವ ಕನ್ನಡ ಕುಟುಂಬದ ಹಿರಿಯರ ಮಾತು ಕನ್ನಡ, ಬೀದಿಯ ಮಾತು ತಮಿಳು, ಮಕ್ಕಳ ಓದು ತಮಿಳು ಅಥವಾ ಇಂಗ್ಲಿಷ್. ಆರೋಗ್ಯವಿರುವಾಗ ಈ ಬಹುಭಾಷಿಕತೆ ಸಂಪತ್ತು. ಕಾಯಿಲೆ ಬಿದ್ದಾಗ ಅದರ ಇನ್ನೊಂದು ಮುಖ ಕಾಣುತ್ತದೆ.

ಆಸ್ಪತ್ರೆಯಲ್ಲಿ ವೈದ್ಯರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ತಮಿಳಿನಲ್ಲಿ ವಿವರಿಸುತ್ತಾರೆ. ಅದನ್ನು ಮಗನೋ ಸೊಸೆಯೋ ಕನ್ನಡಕ್ಕೆ ತರಬೇಕು. ಅನುವಾದಕನೇ ಹೆದರಿದ್ದರೆ ಅನುವಾದ ಮೃದುವಾಗುತ್ತದೆ, ಕೆಲವು ಮಾತು ಬಿಟ್ಟೂ ಹೋಗುತ್ತದೆ. ತಮಿಳಿನ ‘ಕಟ್ಟಿ’ ಎಂದರೆ ಗಂತಿ, ಗಡ್ಡೆ. ಕನ್ನಡದ ಕಿವಿಗೆ ಅದು ‘ಗಟ್ಟಿ’ ಎಂದು ಕೇಳಿಸಬಹುದು. ‘ಕದಿರ್‌ವೀಚ್ಚು’ ಎಂದರೆ ವಿಕಿರಣ. ಕದಿರು, ಬೀಸು ಎಂಬ ಕನ್ನಡ ಶಬ್ದಗಳನ್ನು ಬಲ್ಲ ವಿದ್ಯಾರ್ಥಿಗೆ ಅದು ಕೂಡಲೇ ತಿಳಿದೀತು, ವೃದ್ಧೆಯೊಬ್ಬರಿಗೆ ತಿಳಿಯಲಾರದು. ಆಡುಮಾತಿನಲ್ಲಿ ಅದು ‘ಕರೆಂಟ್ ಕೊಡುವುದು’ ಆಗಿ, ಮೈಗೆ ವಿದ್ಯುತ್ತು ಹಾಯಿಸುತ್ತಾರೆಂಬ ಭೀತಿಯನ್ನು ಹುಟ್ಟಿಸುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ‘ಪಾಸಿಟಿವ್’ ಎಂಬ ಮಾತು. ಲೋಕರೂಢಿಯಲ್ಲಿ ಅದು ಶುಭ. ಅಂಗಾಂಶ ಪರೀಕ್ಷೆಯ ವರದಿಯಲ್ಲಿ ಕ್ಯಾನ್ಸರ್ ಕಣಗಳು ಕಂಡಿವೆ ಎಂದು ಅರ್ಥ. ಅದೇ ಮಾತು ಸ್ತನ ಕ್ಯಾನ್ಸರಿನ ಹಾರ್ಮೋನ್ ಪರೀಕ್ಷೆಯಲ್ಲಿ ಬಂದಾಗ, ಹಾರ್ಮೋನ್ ತಡೆಯುವ ಔಷಧಿ ಫಲಿಸುವ ಸಾಧ್ಯತೆಯಿದೆ ಎಂಬ ಒಳ್ಳೆಯ ಸೂಚನೆಯೂ ಆಗುತ್ತದೆ. ಹೀಗೆ ಒಂದೇ ಪದ ಎರಡು ವರದಿಗಳಲ್ಲಿ ಎರಡು ಫಲ ಹೇಳುತ್ತದೆ.

3. ಒಂದು ಹೆಸರು, ಹಲವು ರೋಗ

ದೇಹದ ಜೀವಕೋಶಗಳು ಅಗತ್ಯಕ್ಕೆ ತಕ್ಕಂತೆ ವಿಭಜನೆಗೊಂಡು, ಕಾಲ ಮುಗಿದಾಗ ಸಾಯುತ್ತವೆ. ಈ ಕ್ರಮವನ್ನು ನಿಯಂತ್ರಿಸುವ ಜೀನುಗಳಲ್ಲಿ ಒಂದಾದ ಮೇಲೊಂದು ದೋಷ ಕೂಡಿಕೊಂಡಾಗ ಕೋಶವು ಕಟ್ಟಳೆ ಮೀರಿ ಬೆಳೆಯುತ್ತದೆ, ಪಕ್ಕದ ಅಂಗಾಂಶವನ್ನು ಆಕ್ರಮಿಸುತ್ತದೆ, ರಕ್ತದ ಮೂಲಕವೂ ದುಗ್ಧರಸದ ಮೂಲಕವೂ ದೂರದ ಅಂಗಗಳಿಗೆ ಹೋಗಿ ಅಲ್ಲಿ ನೆಲೆಯೂರುತ್ತದೆ. ಆಕ್ರಮಿಸದೆ, ಹರಡದೆ ಇರುವ ಗಂತಿ ಕ್ಯಾನ್ಸರ್ ಅಲ್ಲ. ಆದ್ದರಿಂದ ಗಂತಿಗಳೆಲ್ಲ ಕ್ಯಾನ್ಸರ್ ಆಗಿರುವುದಿಲ್ಲ. ರಕ್ತದ ಕ್ಯಾನ್ಸರಿನಂತೆ ಗಂತಿಯಿಲ್ಲದ ಕ್ಯಾನ್ಸರ್‌ಗಳೂ ಉಂಟು.

ರೋಗ ಹುಟ್ಟಿದ ಕೋಶದ ಜಾತಿಯನ್ನು ಅನುಸರಿಸಿ ವಿಂಗಡಣೆ ನಡೆಯುತ್ತದೆ. ಚರ್ಮದಲ್ಲಿ ಅಥವಾ ಅಂಗಗಳ ಒಳಪದರದಲ್ಲಿ ಹುಟ್ಟುವುದು ಕಾರ್ಸಿನೋಮ. ಬಾಯಿ, ಸ್ತನ, ಗರ್ಭಕೊರಳು, ಶ್ವಾಸಕೋಶ, ಜಠರ, ಕರುಳು ಇವುಗಳ ಬಹುಪಾಲು ಕ್ಯಾನ್ಸರ್‌ಗಳು ಈ ವರ್ಗಕ್ಕೆ ಸೇರುತ್ತವೆ. ಮೂಳೆ, ಸ್ನಾಯು, ಕೊಬ್ಬು ಮುಂತಾದವುಗಳಲ್ಲಿ ಹುಟ್ಟುವುದು ಸಾರ್ಕೋಮ. ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆಯಲ್ಲಿ ಹುಟ್ಟುವುದು ಲ್ಯುಕೇಮಿಯ. ದುಗ್ಧರಸ ಗ್ರಂಥಿಗಳಿಗೆ ಸೇರಿದ ಕೋಶಗಳಲ್ಲಿ ಹುಟ್ಟುವುದು ಲಿಂಫೋಮ. ಮಿದುಳಿನ ಗಂತಿಗಳದು ಬೇರೆಯೇ ವರ್ಗ.

ಈ ವಿಂಗಡಣೆ ಕೇವಲ ಪಾರಿಭಾಷಿಕವಾದುದಲ್ಲ. ಮಕ್ಕಳಲ್ಲಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ ಸರಿಯಾದ ಚಿಕಿತ್ಸೆಯಿಂದ ಬಹುಪಾಲು ಗುಣವಾಗುತ್ತದೆ. ಕೆಲವು ಥೈರಾಯ್ಡ್ ಕ್ಯಾನ್ಸರ್‌ಗಳು ಬಹಳ ನಿಧಾನಗತಿಯವು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇಂದಿಗೂ ಕಠಿಣವಾದುದು. ನೆರೆಮನೆಯವರೊಬ್ಬರು ತೀರಿಕೊಂಡರೆಂಬ ಕಾರಣದಿಂದ ಬೇರೊಂದು ಅಂಗದ, ಬೇರೊಂದು ಹಂತದ ರೋಗಿಯ ಭವಿಷ್ಯವನ್ನು ಊಹಿಸುವುದು ಅಶಾಸ್ತ್ರೀಯ. ‘ಯಾವ ಅಂಗದ್ದು, ಯಾವ ಬಗೆಯದು, ಯಾವ ಹಂತದ್ದು’ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಕುಟುಂಬವೂ ವೈದ್ಯರಲ್ಲಿ ಕೇಳಿ ಬರೆದುಕೊಳ್ಳಬೇಕು.

ರೋಗ ಅಪರೂಪವಾದುದೂ ಅಲ್ಲ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 2 ಕೋಟಿ ಹೊಸ ರೋಗಿಗಳು ಕಂಡುಬಂದರು. ಭಾರತದಲ್ಲಿ ಸುಮಾರು 14 ಲಕ್ಷ.

4. ಕಾರಣ ಮತ್ತು ಮುನ್ಸೂಚನೆ

ನಮ್ಮ ಸಂಸ್ಕೃತಿಗೆ ಹತ್ತಿರವಾದ ಕಾರಣವೊಂದನ್ನು ಮೊದಲು ಹೇಳಬೇಕು. ತಾಂಬೂಲವು ಕನ್ನಡ ಕಾವ್ಯದಲ್ಲಿಯೂ ಶುಭಕಾರ್ಯದಲ್ಲಿಯೂ ಗೌರವದ ವಸ್ತು. ಆದರೆ ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ನಿಸ್ಸಂದೇಹ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಕೆಯನ್ನೂ, ಹೊಗೆಸೊಪ್ಪಿಲ್ಲದ ವೀಳ್ಯವನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಗುಟ್ಕಾ ಮಾರಾಟವನ್ನು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳು 2013ರಲ್ಲಿ ನಿಷೇಧಿಸಿದವು. ಬಾಯಿ ಪೂರ್ತಿ ತೆರೆಯಲಾಗದಿರುವುದು, ಒಳಗೆನ್ನೆಯಲ್ಲಿ ಬಿಳಿಯ ಅಥವಾ ಕೆಂಪಾದ ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇವು ಎಚ್ಚರಿಕೆಯ ಗುರುತುಗಳು.

ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪಿಲೋಮ ವೈರಸ್ ಕಾರಣ. ಇದನ್ನು ಕಂಡುಹಿಡಿದ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈ ವೈರಸ್ಸಿಗೆ ಲಸಿಕೆ ಇದೆ. ಹರೆಯಕ್ಕೆ ಬರುವ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಕೊಡಿಸುವುದು ಉತ್ತಮ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ ಸ್ತ್ರೀಯರ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಸವರಿ ಕಣ್ಣಿನಿಂದ ಪರೀಕ್ಷಿಸುವ ಸರಳ ವಿಧಾನವನ್ನು ದಾದಿಯರ ಮೂಲಕ ಪ್ರಯೋಗಿಸಲಾಯಿತು. ಈ ರೋಗದಿಂದ ಸಾಯುವವರ ಪ್ರಮಾಣ ಶೇಕಡಾ 35ರಷ್ಟು ಇಳಿಯಿತೆಂದು 2007ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಚೆನ್ನೈ ನಗರದ ಕ್ಯಾನ್ಸರ್ ನೋಂದಣಿಯ ದಾಖಲೆಗಳ ಪ್ರಕಾರ ಕಳೆದ ದಶಕಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇಳಿಮುಖವಾಗಿದೆ, ಸ್ತನ ಕ್ಯಾನ್ಸರ್ ಏರುಮುಖವಾಗಿದೆ.

ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ಬಹುಕಾಲದ ದನಿಯೊಡಕು, ಕಾರಣವಿಲ್ಲದೆ ತೂಕ ಇಳಿಯುವುದು ಇವನ್ನು ಅಲಕ್ಷಿಸಬಾರದು. ‘ನೋವಿಲ್ಲ, ಆದ್ದರಿಂದ ಏನೂ ಇಲ್ಲ’ ಎಂಬುದು ನಮ್ಮ ಮನೆಗಳ ದೊಡ್ಡ ತಪ್ಪು ತಿಳಿವಳಿಕೆ. ಮೊದಲ ಹಂತದಲ್ಲಿ ಬಹುಪಾಲು ಕ್ಯಾನ್ಸರ್ ನೋಯುವುದಿಲ್ಲ.

5. ನಿರ್ಣಯ ಮತ್ತು ಹಂತ

ಗಂತಿಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ಸಾಮಾನ್ಯವಾಗಿ ರೋಗನಿರ್ಣಯದ ಆಧಾರ. ‘ಸೂಜಿ ತಾಗಿದರೆ ರೋಗ ಹರಡುತ್ತದೆ’ ಎಂಬ ಭಯದಿಂದ ಇದನ್ನು ಮುಂದೂಡುವವರಿದ್ದಾರೆ. ಕ್ರಮಬದ್ಧವಾಗಿ ಮಾಡಿದ ಪರೀಕ್ಷೆಯಿಂದ ಹಾಗಾಗುವ ಸಂಭವ ತೀರ ಅಪರೂಪ, ತಡಮಾಡುವುದರಿಂದ ಆಗುವ ಹಾನಿ ಮಾತ್ರ ನಿಶ್ಚಿತ. ಬಳಿಕ ಗಂತಿಯ ಗಾತ್ರ, ದುಗ್ಧರಸ ಗ್ರಂಥಿಗಳಿಗೆ ಹಬ್ಬಿರುವಿಕೆ, ದೂರದ ಅಂಗಗಳಿಗೆ ಹರಡಿರುವಿಕೆ ಈ ಮೂರನ್ನು ನೋಡಿ ಒಂದರಿಂದ ನಾಲ್ಕರವರೆಗೆ ಹಂತ ನಿಗದಿಯಾಗುತ್ತದೆ. ನಾಲ್ಕನೆಯ ಹಂತವೆಂದರೆ ರೋಗ ದೂರಕ್ಕೆ ಹರಡಿದೆ ಎಂದರ್ಥ. ಇನ್ನು ಮಾಡುವುದೇನೂ ಇಲ್ಲ ಎಂದರ್ಥವಲ್ಲ. ಸ್ತನ ಕ್ಯಾನ್ಸರಿನ ಶ್ವಾಸಕೋಶದ ಹರಡುವಿಕೆ ಸ್ತನ ಕ್ಯಾನ್ಸರೇ ಹೊರತು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ಔಷಧಿಯ ಆಯ್ಕೆ ಮೂಲವನ್ನೇ ಅನುಸರಿಸುತ್ತದೆ.

6. ಚಿಕಿತ್ಸೆ

ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಿ ಇವು ಚಿಕಿತ್ಸೆಯ ಮೂರು ಮುಖ್ಯ ಮಾರ್ಗಗಳು. ಇವುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ರೋಗದ ಬಗೆಯನ್ನೂ ಹಂತವನ್ನೂ ಅವಲಂಬಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ಗಂತಿಯನ್ನು ಸುತ್ತಲ ಆರೋಗ್ಯವಂತ ಅಂಗಾಂಶದ ಅಂಚಿನೊಡನೆ ತೆಗೆಯುತ್ತಾರೆ. ವಿಕಿರಣ ಚಿಕಿತ್ಸೆ ಹೆಚ್ಚು ಶಕ್ತಿಯ ಕಿರಣಗಳಿಂದ ಕೋಶಗಳ ವಿಭಜನಶಕ್ತಿಯನ್ನು ಮುರಿಯುತ್ತದೆ. ಹಲವು ವಾರಗಳ ಕಾಲ ದಿನಕ್ಕೆ ಕೆಲವೇ ನಿಮಿಷ ನಡೆಯುತ್ತದೆ. ಕಿರಣ ಬೀಳುವಾಗ ನೋವಾಗುವುದಿಲ್ಲ. ಹೊರಗಿನಿಂದ ಕಿರಣ ಪಡೆದ ರೋಗಿಯ ಮೈಯಿಂದ ವಿಕಿರಣ ಹೊರಸೂಸುವುದಿಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಕೀಮೋಥೆರಪಿಯ ಔಷಧಿಗಳು ಶೀಘ್ರವಾಗಿ ವಿಭಜಿಸುವ ಕೋಶಗಳನ್ನು ಕೊಲ್ಲುತ್ತವೆ. ಕೂದಲ ಬುಡ, ಬಾಯಿಯ ಒಳಪದರ, ಅಸ್ಥಿಮಜ್ಜೆ ಇವೂ ಶೀಘ್ರವಾಗಿ ವಿಭಜಿಸುವ ಕೋಶಗಳ ನೆಲೆಗಳಾದುದರಿಂದ ಕೂದಲು ಉದುರುವುದು, ಬಾಯಿಹುಣ್ಣು, ರಕ್ತಕಣಗಳ ಇಳಿಕೆ ಉಂಟಾಗುತ್ತವೆ. ಇವು ಚಿಕಿತ್ಸೆಯ ಪರಿಣಾಮಗಳು. ರೋಗ ಉಲ್ಬಣಿಸಿತೆಂಬುದರ ಲಕ್ಷಣಗಳಲ್ಲ. ಉದುರಿದ ಕೂದಲು ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ. ಈ ವ್ಯತ್ಯಾಸವನ್ನು ಮೊದಲೇ ತಿಳಿಸದಿದ್ದಲ್ಲಿ ‘ಔಷಧಿಯಿಂದಲೇ ಹಾಳಾದರು’ ಎಂದು ಕುಟುಂಬ ಚಿಕಿತ್ಸೆಯನ್ನು ನಡುವೆ ಬಿಡುವ ಅಪಾಯವಿದೆ.

ನಿರ್ದಿಷ್ಟ ದೋಷವನ್ನು ಗುರಿಯಾಗಿಸಿದ ಔಷಧಿಗಳು ಇತ್ತೀಚಿನ ದಶಕಗಳ ಸಾಧನೆ. ಒಂದು ಬಗೆಯ ದೀರ್ಘಕಾಲೀನ ರಕ್ತ ಕ್ಯಾನ್ಸರಿಗೆ 2001ರಲ್ಲಿ ಬಳಕೆಗೆ ಬಂದ ಇಮಾಟಿನಿಬ್ ಮಾತ್ರೆ ಮಾರಕ ರೋಗವನ್ನು ಮಾತ್ರೆ ನುಂಗಿಕೊಂಡು ಬಾಳಬಹುದಾದ ರೋಗವನ್ನಾಗಿ ಮಾಡಿತು. ಅದರ ಏಕಸ್ವಾಮ್ಯದ ವಿವಾದ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಆರಂಭವಾಗಿ, ಸೌಕಾರ್‌ಪೇಟೆಗೆ ಸಮೀಪದ ಮದ್ರಾಸ್ ಹೈಕೋರ್ಟಿನ 2007ರ ತೀರ್ಪನ್ನು ಹಾದು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪೇಟೆಂಟನ್ನು ನಿರಾಕರಿಸುವುದರೊಂದಿಗೆ ಮುಗಿಯಿತು. ಸ್ವದೇಶಿ ಕಂಪನಿಗಳು ಅದೇ ಔಷಧಿಯನ್ನು ಬಹಳ ಕಡಿಮೆ ಬೆಲೆಗೆ ತಯಾರಿಸುವ ಹಾದಿ ತೆರೆದೇ ಉಳಿಯಿತು. ದೇಹದ ರಕ್ಷಣಾವ್ಯವಸ್ಥೆಯನ್ನೇ ರೋಗದ ವಿರುದ್ಧ ಎಚ್ಚರಿಸುವ ವಿಧಾನಕ್ಕೆ 2018ರ ನೊಬೆಲ್ ಪಾರಿತೋಷಕ ದೊರೆಯಿತು. ಅದು ಎಲ್ಲ ರೋಗಿಗಳಿಗೂ ಒಗ್ಗುವುದಿಲ್ಲ, ವೆಚ್ಚವೂ ಅಧಿಕ.

7. ಮನೆಯ ಆರೈಕೆ

ಚಿಕಿತ್ಸೆಯ ಬಹುಕಾಲ ರೋಗಿ ಇರುವುದು ಮನೆಯಲ್ಲಿ. ಕೀಮೋಥೆರಪಿ ಪಡೆಯುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೆ ಮೀರಿದ ಜ್ವರ ಬಂದರೆ ಬೆಳಗಾಗಲೆಂದು ಕಾಯಬಾರದು. ಬಿಳಿಯ ರಕ್ತಕಣ ಇಳಿದಾಗ ಸೋಂಕು ಗಂಟೆಗಳಲ್ಲಿ ಉಲ್ಬಣಿಸುತ್ತದೆ. ಕೈತೊಳೆಯುವುದು, ಕುದಿಸಿ ಆರಿಸಿದ ನೀರು, ಬಿಸಿಯಾಗಿ ಬೇಯಿಸಿದ ಊಟ ಇವು ಔಷಧಿಯಷ್ಟೇ ಮುಖ್ಯ. ಬಾಯಿ ಹುಣ್ಣಾದಾಗ ಗಂಜಿ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಬೇಳೆ ಅನ್ನವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಬಹುದು. ಪಥ್ಯದ ಹೆಸರಿನಲ್ಲಿ ಹಾಲು, ಮೊಟ್ಟೆ, ಬೇಳೆಗಳನ್ನು ಬಿಡಿಸಿ ರೋಗಿಯನ್ನು ಸೊರಗಿಸುವುದು ಸಲ್ಲದು. ವಿಕಿರಣ ಬೀಳುವ ಜಾಗದ ಗುರುತುಗಳನ್ನು ಉಜ್ಜಿ ಅಳಿಸಬಾರದು. ಅಲ್ಲಿ ಎಣ್ಣೆ, ಸುಗಂಧದ ಸಾಬೂನು ಹಚ್ಚಬಾರದು. ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನು ವೈದ್ಯರಿಂದ ಮರೆಮಾಡಬಾರದು.

ಕ್ಯಾನ್ಸರ್ ಅಂಟುರೋಗವಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆಮಾಡುವುದರಿಂದ ಯಾರಿಗೂ ರಕ್ಷಣೆ ದೊರೆಯುವುದಿಲ್ಲ. ರೋಗಿಗೆ ತಾನು ಬೇರೆಯಾದೆನೆಂಬ ನೋವು ಮಾತ್ರ ಉಳಿಯುತ್ತದೆ.

ನೋವಿನ ನಿವಾರಣೆಯ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಮೆಟ್ಟಿಲುಕ್ರಮವೊಂದನ್ನು ಸೂಚಿಸಿತು. ತೀವ್ರ ನೋವಿಗೆ ಮಾರ್ಫೀನ್ ಉಪಯುಕ್ತ. ವೈದ್ಯರ ಮೇಲ್ವಿಚಾರಣೆಯಲ್ಲಿ ನೋವಿಗಾಗಿ ಕೊಟ್ಟಾಗ ಅದು ಚಟವಾಗುವ ಸಂಭವ ಕಡಿಮೆ. ಮಲಬದ್ಧತೆಗೆ ಜೊತೆಯಲ್ಲಿಯೇ ಔಷಧಿ ಬೇಕಾಗುತ್ತದೆ. 2014ರ ಕಾನೂನು ತಿದ್ದುಪಡಿ ಅದರ ದೊರಕುವಿಕೆಯನ್ನು ಸುಗಮಗೊಳಿಸಿತು. ಉಪಶಮನ ಆರೈಕೆ ಕೊನೆಯ ದಿನಗಳಿಗೆ ಮಾತ್ರ ಮೀಸಲಾದುದಲ್ಲ, ರೋಗನಿರ್ಣಯದ ದಿನದಿಂದಲೇ ಚಿಕಿತ್ಸೆಯ ಜೊತೆಜೊತೆಗೆ ನಡೆಯಬೇಕಾದುದು.

ಇನ್ನು ಹೇಳಬೇಕೆ, ಮುಚ್ಚಬೇಕೆ ಎಂಬ ಪ್ರಶ್ನೆ. ‘ಅಮ್ಮನಿಗೆ ಹೇಳಬೇಡಿ, ಎದೆಯೊಡೆದುಕೊಳ್ಳುತ್ತಾಳೆ’ ಎಂದು ಮಕ್ಕಳು ವೈದ್ಯರನ್ನು ಬೇಡುವುದು ಸಾಮಾನ್ಯ. ಅದರ ಹಿಂದಿರುವುದು ಪ್ರೀತಿಯೇ. ಆದರೆ ವಾರ್ಡಿನ ಫಲಕವನ್ನೂ ನೆರೆಯ ಹಾಸಿಗೆಯವರ ಮಾತನ್ನೂ ರೋಗಿ ಗ್ರಹಿಸದೆ ಇರುವುದಿಲ್ಲ. ಆಗ ಮನೆಯವರೂ ರೋಗಿಯೂ ಪರಸ್ಪರ ಗೊತ್ತಿಲ್ಲದವರಂತೆ ನಟಿಸುತ್ತ, ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ರೋಗಿ ಎಷ್ಟನ್ನು ತಿಳಿಯಬಯಸುತ್ತಾರೆಂದು ಕೇಳಿ, ಅಷ್ಟನ್ನು ಅವರದೇ ಮಾತಿನಲ್ಲಿ, ಸುಳ್ಳಿಲ್ಲದೆ, ಒಂದೇ ದಿನಕ್ಕೆ ಎಲ್ಲವನ್ನೂ ಹೇರದೆ ತಿಳಿಸುವುದು ಹೆಚ್ಚು ಮಾನವೀಯವಾದ ಮಾರ್ಗ.

8. ನೆರವಿನ ನೆಲೆಗಳು

ಈ ವಿಷಯದಲ್ಲಿ ಚೆನ್ನೈ ಭಾಗ್ಯಶಾಲಿ. ಸೌಕಾರ್‌ಪೇಟೆಯ ನಿವಾಸಿಗೆ ಪಾರ್ಕ್ ಟೌನಿನ ರಾಜೀವ್ ಗಾಂಧಿ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯೂ ಸ್ಟ್ಯಾನ್ಲಿ ಆಸ್ಪತ್ರೆಯೂ ಸಮೀಪದಲ್ಲಿವೆ. ಮದ್ರಾಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಬರ್ನಾರ್ಡ್ ವಿಕಿರಣ ಸಂಸ್ಥೆ 1934ರಷ್ಟು ಹಿಂದಿನದು. ಅಡಯಾರಿನ ಕ್ಯಾನ್ಸರ್ ಸಂಸ್ಥೆಯ ಹುಟ್ಟಿಗೆ ಮನೆಯ ದುಃಖವೊಂದು ಪ್ರೇರಣೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡರು. ಬಹುಕಾಲದ ಹೋರಾಟದ ನಂತರ, ಮಹಿಳಾ ಭಾರತ ಸಂಘದ ಆಶ್ರಯದಲ್ಲಿ 1954ರಲ್ಲಿ 12 ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಅವರ ಮಗ ಡಾ. ಎಸ್. ಕೃಷ್ಣಮೂರ್ತಿ ಅವರೂ, 1955ರಲ್ಲಿ ಸೇರಿದ ಡಾ. ವಿ. ಶಾಂತಾ (1927–2021) ಅವರೂ ಅದನ್ನು ಬೆಳೆಸಿದರು. ಬಡರೋಗಿಗಳ ಸೇವೆಗಾಗಿ ಶಾಂತಾ ಅವರಿಗೆ 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಊರಿಗೆ ಹಿಂದಿರುಗಿ ಕನ್ನಡದಲ್ಲಿಯೇ ಚಿಕಿತ್ಸೆ ಪಡೆಯಬಯಸುವವರಿಗೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ.

ಅರ್ಹ ಕುಟುಂಬಗಳಿಗೆ ತಮಿಳುನಾಡಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆಯೂ ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ನೆರವಾಗುತ್ತವೆ. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಯ ಒಬ್ಬರಿಗೂ ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ ರಿಯಾಯಿತಿ ಉಂಟು. ಪಡಿತರ ಚೀಟಿ, ಆದಾಯ ಪತ್ರ, ವರದಿಗಳ ನಕಲುಗಳನ್ನು ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟುಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ.

9. ಕನ್ನಡದ ಹೊಣೆ

ಕನ್ನಡಕ್ಕೆ ವೈದ್ಯವಿಷಯ ಹೊಸದಲ್ಲ. ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಮಂಗರಾಜನ ಖಗೇಂದ್ರಮಣಿದರ್ಪಣ ವಿಷವೈದ್ಯದ ಮಹತ್ಕೃತಿ; ಅದನ್ನು ಪ್ರಕಟಿಸಿದ ಕೀರ್ತಿ ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ. ಆಧುನಿಕ ಕಾಲದಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳಂಥ ಪುಸ್ತಕಗಳಿಂದ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳಿಗೆ ಮನೆಮಾತಿನಲ್ಲಿ ಉತ್ತರ ಕೊಟ್ಟರು. ಅವರ ಬಾಳನ್ನು ಕೊನೆಗೊಳಿಸಿದ್ದೂ ಕ್ಯಾನ್ಸರ್ ರೋಗವೇ.

ಹೊರನಾಡಿನ ಕನ್ನಡ ವಿಭಾಗಗಳಿಗೆ ಇಲ್ಲೊಂದು ಕೆಲಸ ಕಾದಿದೆ. ರೋಗಿಗೆ ಬೇಕಾದುದು ಸಂಸ್ಕೃತಭೂಯಿಷ್ಠವಾದ ಪದಕೋಶವಲ್ಲ. ಆಸ್ಪತ್ರೆಯಲ್ಲಿ ಕೇಳಿಬರುವ ತಮಿಳು, ಇಂಗ್ಲಿಷ್ ಮಾತುಗಳಿಗೆ ತಿಳಿಗನ್ನಡದ ಅರ್ಥ ಕೊಡುವ, ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿಮಾಡುವ, ಕೈಚೀಲದಲ್ಲಿ ಇಟ್ಟುಕೊಳ್ಳಬಹುದಾದ ಕಿರುಹೊತ್ತಗೆ. ‘ಕ್ಯಾನ್ಸರ್’, ‘ಬಯಾಪ್ಸಿ’ಗಳು ಕನ್ನಡವೇ ಆಗಿಹೋಗಿವೆ, ಅವನ್ನು ಉಳಿಸಿಕೊಂಡು ವಿವರಣೆಯನ್ನು ಕನ್ನಡದಲ್ಲಿ ಕೊಡಬೇಕು. ತಮಿಳು–ಕನ್ನಡಗಳ ಶಬ್ದಸಂಬಂಧವನ್ನು ಬಲ್ಲ ವಿದ್ಯಾರ್ಥಿಗಳು ವೈದ್ಯರ ಸಹಕಾರದಿಂದ ಇದನ್ನು ಸಿದ್ಧಪಡಿಸಬಲ್ಲರು. ಪುಱ್ಱು ಮತ್ತು ಹುತ್ತ ಒಂದೇ ಎಂಬ ತಿಳಿವು ತರಗತಿಯಲ್ಲಿ ಭಾಷಾಶಾಸ್ತ್ರದ ಒಂದು ಉದಾಹರಣೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಕನ್ನಡದ ತಾಯಿಯೊಬ್ಬರಿಗೆ ಅದು ತಮ್ಮ ರೋಗವನ್ನು ಹೆಸರಿಟ್ಟು ಕರೆಯಲು, ವೈದ್ಯರನ್ನು ತಾವೇ ಒಂದು ಪ್ರಶ್ನೆ ಕೇಳಲು ನೆರವಾದರೆ ಆ ಪಾಠ ಸಾರ್ಥಕ.